ನೂರ ಮೂವತ್ತೆರಡು ಸಂದೇಹಾಸ್ಪದ ದಿನಗಳು

ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಪೋರ್ಟ್ ಗ್ಯಾಲಂಟ್ ಪುರಸಭೆಯ ವ್ಯಾಪ್ತಿಯಲ್ಲಿ ವರ್ಷಕ್ಕೆ ಇನ್ನೂರ ಮೂವತ್ತಮೂರು ದಿನಗಳು. ಅಧಿಕ ವರ್ಷವಾದರೆ ಒಂದು ಹೆಚ್ಚು. ಉಳಿದ ನೂರ ಮೂವತ್ತೆರಡು ದಿನಗಳಲ್ಲಿಯೂ ಸೂರ್ಯ ಹುಟ್ಟುತ್ತಾನೆ, ಕೊಲ್ಲಿಯಲ್ಲಿ ಉಬ್ಬರವಿಳಿತವಾಗುತ್ತದೆ, ಜನ ಊಟ ಮಾಡಿ ಮಲಗುತ್ತಾರೆ. ಆದರೆ ಇದ್ಯಾವುದಕ್ಕೂ ಪುರಸಭೆ ಜವಾಬ್ದಾರಿಯಲ್ಲ. ಠರಾವು ಸಂಖ್ಯೆ ನಲವತ್ತೊಂದರಲ್ಲಿ ಇದನ್ನು ಸ್ಪಷ್ಟವಾಗಿ ನಮೂದಿಸಲಾಗಿದೆ.

ಊರಿನ ಜನಸಂಖ್ಯೆ ಎರಡು ಸಾವಿರದ ಮುನ್ನೂರು. ಅರ್ಧ ಜನ ಮನೆಯಲ್ಲಿ ಫ್ರೆಂಚ್ ಆಡುತ್ತಾರೆ, ಅರ್ಧ ಜನ ಇಂಗ್ಲಿಷ್ ಆಡುತ್ತಾರೆ, ಬೈಯುವಾಗ ಎಲ್ಲರೂ ಎರಡನ್ನೂ ಆಡುತ್ತಾರೆ. ಊರಿನ ಹೆಸರನ್ನು ಬರೆಯುವುದು ಒಂದೇ ರೀತಿ. ಇಂಗ್ಲಿಷಿನವರು ಅದನ್ನು ಪೋರ್ಟ್ ಗ್ಯಾಲಂಟ್ ಎಂದು ಓದಿದರೆ ಫ್ರೆಂಚಿನವರು ಪೋರ್ ಗಲಾಂ ಎಂದು ಓದುತ್ತಾರೆ. ಇದರಿಂದ ಇನ್ನೂರು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಹೇಗೆ ಓದಿದರೂ ಊರು ಇದ್ದಲ್ಲೇ ಇರುತ್ತಿತ್ತು. ದಿನಾಂಕದ ಸ್ವಭಾವ ಹಾಗಲ್ಲ ಎಂಬುದು ಗೊತ್ತಾದದ್ದು ಪುರಸಭೆ ತನ್ನ ಕೆಲಸಗಳನ್ನೆಲ್ಲ ಜಾಲತಾಣಕ್ಕೆ ಏರಿಸಿದ ಮೇಲೆ.

ಏರಿಸಿದವಳು ಸೊಲಾಂಜ್ ಮಾಜ್ರೋಲ್. ಒಳಚರಂಡಿ ಮತ್ತು ಜಾಲತಾಣ ವಿಭಾಗದ ಮುಖ್ಯಸ್ಥೆ, ಆ ವಿಭಾಗದ ಏಕೈಕ ನೌಕರಳೂ ಅವಳೇ. ಎರಡೂ ಕಟ್ಟಿಕೊಂಡಾಗ ಮಾತ್ರ ಜನಕ್ಕೆ ನೆನಪಾಗುವ ವಸ್ತುಗಳೆಂಬ ಕಾರಣಕ್ಕೆ ಅವನ್ನು ಒಂದೇ ವಿಭಾಗ ಮಾಡಲಾಗಿತ್ತು. ನಾಯಿ ಸಾಕುವ ಪರವಾನಗಿ, ಸಮುದಾಯ ಭವನದ ಬುಕಿಂಗ್, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಮೀನು ಹಿಡಿಯುವ ಗುಡಿಸಲು ಇಟ್ಟುಕೊಳ್ಳುವ ಅಪ್ಪಣೆ, ಎಲ್ಲವನ್ನೂ ಅವಳು ಒಂದೇ ವರ್ಷದಲ್ಲಿ ಜಾಲತಾಣಕ್ಕೆ ತಂದಳು. ಯಾರ ಮನಸ್ಸಿಗೂ ನೋವಾಗಬಾರದೆಂದು ಒಂದು ಅಚ್ಚುಕಟ್ಟು ಏರ್ಪಾಡನ್ನೂ ಮಾಡಿದಳು. ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡವರಿಗೆ ತಿಂಗಳು ಮೊದಲು, ದಿನ ಆಮೇಲೆ ಕಾಣುತ್ತಿತ್ತು. ಫ್ರೆಂಚಿನಲ್ಲಿ ಇಟ್ಟುಕೊಂಡವರಿಗೆ ದಿನ ಮೊದಲು, ತಿಂಗಳು ಆಮೇಲೆ. ಒಂದೇ ದಿನ, ಅವರವರ ಮನೆಯ ಪದ್ಧತಿಯಂತೆ. ಇದಕ್ಕಾಗಿ ಅವಳಿಗೆ ಪುರಸಭೆಯಿಂದ ಒಂದು ಪ್ರಶಂಸಾಪತ್ರವೂ ಬಂತು. ಅದರ ಮೇಲಿದ್ದ ದಿನಾಂಕ ಯಾವುದೆಂದು ಅವಳಿಗೂ ತಿಳಿಯಲಿಲ್ಲ, ಆದರೆ ಆಗ ಅದನ್ನು ಯಾರೂ ಗಮನಿಸಲಿಲ್ಲ.

ಆ ಚಳಿಗಾಲದ ಕೊನೆಗೆ ಪ್ರಕಟಣೆ ಹೊರಟಿತು. ಮಂಜುಗಡ್ಡೆ ಮೆತ್ತಗಾಗುವ ಮೊದಲು, ಅಂದರೆ ಮಾರ್ಚ್ ನಾಲ್ಕರೊಳಗೆ, ಎಲ್ಲ ಗುಡಿಸಲುಗಳನ್ನೂ ದಡಕ್ಕೆ ಎಳೆದು ತರತಕ್ಕದ್ದು. ಕಾಫಿ ಅಂಗಡಿಯವನು ಊರಿಗೆ ಉಪಕಾರ ಮಾಡೋಣವೆಂದು ತನ್ನ ಇಂಗ್ಲಿಷ್ ಕಂಪ್ಯೂಟರಿನಿಂದ ಅದನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸಿದ. ಅದರಲ್ಲಿ 03/04 ಎಂದಿತ್ತು. ಫೋನೇ ಇಲ್ಲದ ಹನ್ನೊಂದು ಫ್ರೆಂಚ್ ಮುದುಕರು ಕಾಫಿ ಕುಡಿಯುತ್ತ ಅದನ್ನು ಓದಿ, ಏಪ್ರಿಲ್ ಮೂರರವರೆಗೆ ಸಮಯವಿದೆ, ಈ ವರ್ಷ ಪುರಸಭೆಯವರಿಗೆ ಒಳ್ಳೆಯ ಬುದ್ಧಿ ಬಂದಿದೆ ಎಂದು ಮಾತಾಡಿಕೊಂಡರು.

ಆ ಹನ್ನೊಂದು ಜನರಲ್ಲಿ ಒಬ್ಬ ಸೊಲಾಂಜಳ ಅಪ್ಪ ಒಮೇರ್. ವಯಸ್ಸು ಎಪ್ಪತ್ತನಾಲ್ಕು. ಕೊಲ್ಲಿಯ ಮೇಲೆ ಏಳನೇ ನಂಬರಿನ ಜಾಗ ಅವನದು; ಹಸಿರು ಬಣ್ಣದ ಗುಡಿಸಲು, ಒಳಗೆ ಸಣ್ಣ ಒಲೆ, ರೇಡಿಯೋ, ಹೆಂಡತಿ ದೋರಿಲ್ದಾ ಹೊಲಿದುಕೊಟ್ಟ ಪರದೆ. ಅಪ್ಪ ಒಮ್ಮೆ ಬಾಯಿಬಿಟ್ಟು, ಗುಡಿಸಲು ಯಾವಾಗ ತೆಗೀಬೇಕು ಎಂದು ಮಗಳನ್ನು ಕೇಳಿಯೂ ಇದ್ದ. ಅವಳು ಆಗ ಯಾವುದೋ ಚರಂಡಿಯೊಳಗೆ ಟಾರ್ಚು ಬಿಡುತ್ತಿದ್ದಳು. ತಲೆ ಎತ್ತದೆ, "ಎಲ್ಲಾ ಜಾಲತಾಣದಲ್ಲಿದೆ ಪಪಾ, ನೋಡ್ಕೋ," ಎಂದುಬಿಟ್ಟಿದ್ದಳು.

ಮಾರ್ಚ್ ಇಪ್ಪತ್ತೊಂದರ ಮಧ್ಯಾಹ್ನ ಮಂಜುಗಡ್ಡೆ ಒಡೆಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಹನ್ನೊಂದು ಗುಡಿಸಲುಗಳು ಮೆರವಣಿಗೆ ಹೊರಟಂತೆ ಒಂದರ ಹಿಂದೊಂದು ಕೊಲ್ಲಿ ದಾಟಿ ಜಲಸಂಧಿಯ ಕಡೆ ತೇಲಿದವು. ಒಮೇರ್ ಅರ್ಧ ಡೋನಟ್ ಕೈಯಲ್ಲಿ ಹಿಡಿದು ಕಾಫಿ ಅಂಗಡಿಯ ಕಿಟಕಿಯಿಂದ ನೋಡುತ್ತ ನಿಂತ. ಏಳನೇ ನಂಬರಿನ ಗುಡಿಸಲಿನಲ್ಲಿ ರೇಡಿಯೋ ಆರಿಸಿರಲಿಲ್ಲವಾಗಿ, ದೂರವಾಗುವ ತನಕ ಹವಾಮಾನ ವರದಿ ಕೇಳಿಸುತ್ತಿತ್ತು. ಹವೆ ಹಿತಕರವಾಗಿರುತ್ತದೆ ಎಂದು ಅದು ಹೇಳುತ್ತಿತ್ತು.

ಅಂದಿನಿಂದ ಒಮೇರ್ ಮಗಳ ಜೊತೆ ಮಾತು ಬಿಟ್ಟ. ಭಾನುವಾರದ ಊಟಕ್ಕೆ ಅವಳು ಬಂದರೆ ಎದುರಿಗೇ ಕೂರುತ್ತಿದ್ದ, ಆದರೆ ಹೇಳಬೇಕಾದ್ದನ್ನು ಹೆಂಡತಿಗೆ ಹೇಳುತ್ತಿದ್ದ. "ನಿನ್ನ ಮಗಳಿಗೆ ಉಪ್ಪು ಈ ಕಡೆ ಕೊಡೋಕೆ ಹೇಳು. ಜಾಲತಾಣದಲ್ಲಿ ಇಡೋದು ಬೇಡ ಅನ್ನು." ಸೊಲಾಂಜ್ ಉಪ್ಪು ಕೊಡುತ್ತಿದ್ದಳು. ಮನೆಗೆ ಹೋಗಿ ಅಳುತ್ತಿದ್ದಳು ಎಂದು ದೋರಿಲ್ದಾಗೆ ಅನುಮಾನವಿತ್ತು.

ಏಪ್ರಿಲಿನಲ್ಲಿ ಪುರಸಭೆಯ ಸಭೆ ಸೇರಿತು. ಮೇಯರ್ ಯುಲೀಸ್ ಸವ್ವಾ ಒಂದು ನಿಮಿಷ ಮೌನ ಆಚರಿಸಿ, ಗುಡಿಸಲುಗಳಿಗೆ ಶಾಂತಿ ಕೋರಿದ. ಆಮೇಲೆ ಸೊಲಾಂಜ್ ಎದ್ದು, ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರೆ ಗೊಂದಲವೇ ಇರುವುದಿಲ್ಲ, ಒಂದು ಸಾಲು ಬದಲಾಯಿಸಿದರೆ ಸಾಕು, ಹತ್ತು ನಿಮಿಷದ ಕೆಲಸ ಎಂದು ತಿಳಿಸಿದಳು.

ಪುರಸಭೆಯ ಕಾರ್ಯದರ್ಶಿ ಲೋರ್ನ್ ಪಿಕಾರ್ಡ್ ಕನ್ನಡಕ ತೆಗೆದು ಒರೆಸಿದ. ಮೂವತ್ತೊಂದು ವರ್ಷದ ಸೇವೆಯಲ್ಲಿ ಅವನು ಒಂದು ಕಡತವನ್ನೂ ಕಳೆದವನಲ್ಲ, ಮುಗಿಸಿದವನೂ ಅಲ್ಲ.

"ಹನ್ನೊಂದು ಗುಡಿಸಲು ಹೋಗಿವೆ, ಸೊಲಾಂಜ್. ಹತ್ತು ನಿಮಿಷ ಅಂದ್ರೆ ಗುಡಿಸಲಿಗೆ ಒಂದು ನಿಮಿಷವೂ ಬೀಳಲಿಲ್ಲ. ಜನ ಏನಂದ್ಕೋತಾರೆ?"

"ಸರಿಹೋಯ್ತು ಅಂದ್ಕೋತಾರೆ."

"ಇಷ್ಟು ಸುಲಭ ಇತ್ತಾ, ಹಾಗಾದ್ರೆ ಮೊದ್ಲೇ ಯಾಕೆ ಮಾಡ್ಲಿಲ್ಲ ಅಂತಾರೆ."

ಈ ಮಾತಿನ ತೂಕ ಸಭೆಗೆ ತಟ್ಟಿತು. ಆದರೂ ಪ್ರಸ್ತಾಪವನ್ನು ನ್ಯಾಯವಾಗಿ ಪರಿಶೀಲಿಸಲಾಯಿತು. ತಿಂಗಳ ಹೆಸರು ಯಾವ ಭಾಷೆಯಲ್ಲಿರಬೇಕು? ಎರಡರಲ್ಲೂ. ಯಾವುದು ಮೊದಲು? ಇಲ್ಲಿ ಸಭೆ ಎರಡು ಗಂಟೆ ನಿಂತಿತು. ಬೆಸ ದಿನಾಂಕಗಳಂದು ಇಂಗ್ಲಿಷ್ ಮೊದಲು, ಸಮ ದಿನಾಂಕಗಳಂದು ಫ್ರೆಂಚ್ ಮೊದಲು ಎಂದು ಒಬ್ಬ ಸದಸ್ಯ ಸೂಚಿಸಿದ. ಅದು ಸಮವೋ ಬೆಸವೋ ತಿಳಿಯಬೇಕಾದರೆ ದಿನಾಂಕ ಗೊತ್ತಿರಬೇಕಲ್ಲ ಎಂದು ಸೊಲಾಂಜ್ ಕೇಳಿದ್ದಕ್ಕೆ, ತಾಂತ್ರಿಕ ವಿವರಗಳನ್ನು ಆಮೇಲೆ ನೋಡೋಣ ಎಂದರು. ಕೊನೆಗೆ ಅವಳು, ಜಗತ್ತಿನ ಕಂಪ್ಯೂಟರುಗಳೆಲ್ಲ ಒಪ್ಪಿರುವ ಹಾಗೆ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಬಹುದು ಎಂದಳು. ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದ ಒಮೇರ್ ಎದ್ದು ನಿಂತ. ಮಗಳ ಕಡೆ ನೋಡದೆ ಮೇಯರನಿಗೆ ಹೇಳಿದ:

"ಯುಲೀಸ್, ಆ ಹುಡುಗಿಗೆ ಹೇಳು. ವರ್ಷ ಯಾವುದು ಅಂತ ನಂಗೆ ಗೊತ್ತಿದೆ. ಗೊತ್ತಾಗದೇ ಇದ್ದದ್ದು ದಿನ."

ಸಭೆ ಚಪ್ಪಾಳೆ ತಟ್ಟಿತು. ವರ್ಷ ಬಿದ್ದುಹೋಯಿತು.

ಅಂದು ಸಂಜೆ ಸೊಲಾಂಜ್ ಯಾರನ್ನೂ ಕೇಳದೆ ಆ ಒಂದು ಸಾಲನ್ನು ಬದಲಾಯಿಸಿಬಿಟ್ಟಳು. ಒಂಬತ್ತು ದಿನ ಜಾಲತಾಣದ ಬಗ್ಗೆ ಒಂದೂ ದೂರು ಬರಲಿಲ್ಲ. ಇದರಿಂದ ಪಿಕಾರ್ಡನಿಗೆ ಗಾಬರಿಯಾಯಿತು. ದೂರುಗಳ ಕಡತ ಖಾಲಿ ಬಿದ್ದಿರುವ ಕಾರಣವೇನೆಂದು ತನಿಖೆ ಮಾಡಿದ. ಹತ್ತನೇ ದಿನ ಅವಳ ಮೇಜಿಗೆ ಒಂದು ಜ್ಞಾಪನ ಪತ್ರ ಬಂತು: "ಸದರಿ ನೌಕರರು ಪೂರ್ವಾನುಮತಿ ಪಡೆಯದೆ ಸಾರ್ವಜನಿಕ ದಾಖಲೆಯಲ್ಲಿ ಅನಧಿಕೃತ ಸ್ಪಷ್ಟತೆ ಉಂಟುಮಾಡಿರುವುದು ಕಂಡುಬಂದಿದ್ದು, ಈ ಕೂಡಲೇ ಹಿಂದಿನ ಸ್ಥಿತಿಯನ್ನು ಮರುಸ್ಥಾಪಿಸತಕ್ಕದ್ದು." ಅವಳು ಮರುಸ್ಥಾಪಿಸಿದಳು. ಮರುದಿನವೇ ನಾಲ್ಕು ದೂರು ಬಂದು ಕಚೇರಿಯ ವಾತಾವರಣ ತಿಳಿಯಾಯಿತು.

ಪರಿಹಾರ ಸೂಚಿಸಲು ಹ್ಯಾಲಿಫ್ಯಾಕ್ಸ್‌ನಿಂದ ಬ್ರೆಂಟನ್ ಕ್ರೋವೆಲ್ ಎಂಬ ಸಲಹೆಗಾರನನ್ನು ಕರೆಸಲಾಯಿತು. ವರದಿಯನ್ನು 05/06ರೊಳಗೆ ಕೊಡಬೇಕೆಂದು ಕರಾರು. ಆತ ಜೂನ್ ಐದಕ್ಕೆ ಕೊಟ್ಟ. ಅದು ಮೇ ಆರಕ್ಕೆ ಬರಬೇಕಿತ್ತೆಂದು ಕೆಲವರು, ಸರಿಯಾಗಿಯೇ ಬಂದಿದೆಯೆಂದು ಕೆಲವರು. ಪಿಕಾರ್ಡ್ ಕಡತದಲ್ಲಿ "ಒಂದು ತಿಂಗಳು ತಡವಾಗಿ, ಸಕಾಲದಲ್ಲಿ ಸ್ವೀಕರಿಸಲಾಯಿತು" ಎಂದು ಷರಾ ಬರೆದು ಸಹಿ ಹಾಕಿದ.

ಇನ್ನೂರ ಹನ್ನೆರಡು ಪುಟಗಳ ಆ ವರದಿಯಲ್ಲಿ ನೂರ ನಲವತ್ತು ಪುಟ ಗೋಡೆ ಕ್ಯಾಲೆಂಡರುಗಳ ಬಣ್ಣದ ಚಿತ್ರಗಳು. ಉಳಿದದ್ದರ ಸಾರಾಂಶ ಒಂದೇ ವಾಕ್ಯ: ದೋಷವಿರುವುದು ದಿನಾಂಕ ಬರೆಯುವ ರೀತಿಯಲ್ಲಲ್ಲ, ದಿನಗಳಲ್ಲಿ.

ಕ್ರೋವೆಲ್ ಸಭೆಗೆ ಇದನ್ನು ತಾಳ್ಮೆಯಿಂದ ವಿವರಿಸಿದ. ಹದಿಮೂರನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ದಿನಗಳು ಸಭ್ಯ ದಿನಗಳು. ಅವನ್ನು ಹಿಂದುಮುಂದು ಮಾಡಿ ಓದಲು ಬರುವುದಿಲ್ಲ, ಏಕೆಂದರೆ ಹದಿಮೂರನೇ ತಿಂಗಳು ಇಲ್ಲ. ಜನವರಿ ಒಂದು, ಫೆಬ್ರವರಿ ಎರಡು, ಹೀಗೆ ಡಿಸೆಂಬರ್ ಹನ್ನೆರಡರವರೆಗಿನ ಹನ್ನೆರಡು ದಿನಗಳು ನಿಷ್ಠಾವಂತ ದಿನಗಳು. ತಿರುಗಿಸಿ ಓದಿದರೂ ತಾವೇ ಆಗಿ ಉಳಿಯುತ್ತವೆ. ಇವನ್ನು ಬಿಟ್ಟರೆ ಪ್ರತಿ ತಿಂಗಳೂ ಹನ್ನೊಂದು ದಿನಗಳು ಉಳಿಯುತ್ತವೆ. ಅವು ಹಗಲಿಗೊಂದು ವೇಷ ಹಾಕುವ ದಿನಗಳು. ಇಂಥ ನೂರ ಮೂವತ್ತೆರಡು ದಿನಗಳನ್ನು ನಂಬಿ ಯಾವ ಪುರಸಭೆಯೂ ಆಡಳಿತ ನಡೆಸಲಾಗದು.

"ಅಂದ್ರೆ ಏನು ಮಾಡೋದು?" ಎಂದ ಮೇಯರ್.

"ಅವನ್ನ ಇಟ್ಟುಕೋಬೇಡಿ," ಎಂದ ಕ್ರೋವೆಲ್.

ಜೂನ್ ಹನ್ನೊಂದರಂದು ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅಂಗೀಕಾರವಾದ ಕೂಡಲೇ ಜೂನ್ ಹನ್ನೊಂದು ಇಲ್ಲವಾದದ್ದರಿಂದ ಅಂಗೀಕಾರವೂ ಇಲ್ಲವಾಯಿತೆಂದು ಪಿಕಾರ್ಡ್ ಗಮನಕ್ಕೆ ತಂದ. ಆದಕಾರಣ ಹದಿಮೂರರಂದು ಮತ್ತೆ ಸೇರಿ, ಅದೇ ಬಿಸ್ಕತ್ತು ತಿಂದು, ಮತ್ತೆ ಅಂಗೀಕರಿಸಿದರು. ಸುತ್ತೋಲೆ ಹೊರಟಿತು:

"ಪೋರ್ಟ್ ಗ್ಯಾಲಂಟಿನ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಲಗತ್ತಿಸಿದ ಪಟ್ಟಿಯಲ್ಲಿನ ನೂರ ಮೂವತ್ತೆರಡು ದಿನಗಳನ್ನು ಸಂದೇಹಾಸ್ಪದ ಎಂದು ಘೋಷಿಸಲಾಗಿದೆ. ಸದರಿ ದಿನಗಳಂದು ಸಲ್ಲಿಸಿದ ಅರ್ಜಿಯನ್ನು ಸಲ್ಲಿಸಿಲ್ಲವೆಂದೂ, ಬಿದ್ದ ಹಿಮವನ್ನು ಬಿದ್ದಿಲ್ಲವೆಂದೂ, ಬೊಗಳಿದ ನಾಯಿಯನ್ನು ಬೊಗಳಿಲ್ಲವೆಂದೂ ಪರಿಗಣಿಸತಕ್ಕದ್ದು. ನಾಗರಿಕರು ಸಹಕರಿಸಬೇಕು."

ನಾಗರಿಕರು ಸಹಕರಿಸಿದರು. ಆ ನೂರ ಮೂವತ್ತೆರಡು ದಿನ ಕಚೇರಿ ಮುಚ್ಚಿರಬೇಕಾಗಿ ಬಂದದ್ದನ್ನು ನೌಕರರು ಊರಿನ ಹಿತಕ್ಕಾಗಿ ಭಾರವಾದ ಮನಸ್ಸಿನಿಂದ ಒಪ್ಪಿಕೊಂಡರು. ಹೊಸ ಕ್ಯಾಲೆಂಡರು ಅಚ್ಚು ಹಾಕುವ ಗುತ್ತಿಗೆ ಮೇಯರನ ಬಾಮೈದನಿಗೆ ಸಿಕ್ಕಿತು. ದಿನಗಳು ಕಡಿಮೆಯಾದರೂ ಬೆಲೆ ಏರಿತು. ಸಂದೇಹಾಸ್ಪದ ಚೌಕಗಳನ್ನು ಪೂರ್ತಿ ಕಪ್ಪಾಗಿ ಮಾಡಲು ಮಸಿ ಹೆಚ್ಚು ಬೇಕೆಂದು ಆತ ಲಿಖಿತ ವಿವರಣೆ ಕೊಟ್ಟ. ಒಂದೇ ಒಂದು ಸಣ್ಣ ಅಸಮಾಧಾನ ಎದ್ದದ್ದು ಜುಲೈ ಒಂದಕ್ಕೆ. ದೇಶ ಹುಟ್ಟಿದ ದಿನದ ಹಬ್ಬ ಸಂದೇಹಾಸ್ಪದವಾಯಿತು, ಆದರೆ ಫ್ರೆಂಚಿನವರ ಹಬ್ಬ ಆಗಸ್ಟ್ ಹದಿನೈದು ಕೂದಲು ಕೊಂಕದೆ ಉಳಿಯಿತು ಎಂದು ಇಂಗ್ಲಿಷಿನವರು ಮುಖ ಊದಿಸಿಕೊಂಡರು. ಅವರಿಗೆ ಜುಲೈ ಏಳನ್ನು ಕೊಟ್ಟು ಸಮಾಧಾನ ಮಾಡಲಾಯಿತು. ದೇಶಕ್ಕೆ ಆರು ದಿನ ತಡವಾಗಿ ಶುಭಾಶಯ ಹೇಳುವುದರಲ್ಲಿ ಒಂದು ಗಾಂಭೀರ್ಯವಿದೆ ಎಂದು ಆಮೇಲೆ ಅವರಿಗೇ ಅನ್ನಿಸಿತು.

ಜಾಲತಾಣದಿಂದ ಆ ದಿನಗಳನ್ನು ಕಿತ್ತುಹಾಕುವ ಕೆಲಸ ಸೊಲಾಂಜಳದು. ಏಳು ವಾರ ಹಿಡಿಯಿತು. ಇಷ್ಟು ದಿನ ಹಿಡಿದದ್ದರಿಂದ ಅದು ಸರಿಯಾದ ಪರಿಹಾರವೆಂದು ಪಿಕಾರ್ಡನಿಗೆ ಖಾತ್ರಿಯಾಯಿತು. ಅವಳು ಒಂದೊಂದೇ ದಿನ ತೆಗೆಯುತ್ತ ಹೋದಳು. ತಾನು ಹುಟ್ಟಿದ ದಿನ ಬಂದಾಗ ಒಂದು ಗಳಿಗೆ ಕೈ ತಡೆಯಿತು, ಆಮೇಲೆ ಅದನ್ನೂ ತೆಗೆದಳು. ಅಪ್ಪ ಹೇಗೂ ಆ ವರ್ಷ ಹರಸುವುದಿರಲಿಲ್ಲ.

ಅಷ್ಟರಲ್ಲಿ ಒಮೇರ್ ಪುರಸಭೆಗೆ ಒಂದು ಅರ್ಜಿ ಬರೆದಿದ್ದ. ಪರಿಹಾರವೇನೂ ಕೇಳಿರಲಿಲ್ಲ. ತಪ್ಪು ತನ್ನದಲ್ಲ ಎಂದು ಬರೆದುಕೊಡಿ, ಅಷ್ಟೇ. ಮೊದಲ ಸಲ ಜುಲೈ ಐದಕ್ಕೆ ಕೊಟ್ಟದ್ದರಿಂದ ಅದು ಸಲ್ಲಿಕೆಯಾಗಲಿಲ್ಲ. ಹದಿಮೂರಕ್ಕೆ ಮತ್ತೆ ಕೊಟ್ಟ. ನಾಲ್ಕು ತಿಂಗಳ ಪರಿಶೀಲನೆಯ ನಂತರ ಉತ್ತರ ಬಂತು. ಮಾರ್ಚ್ ನಾಲ್ಕೂ ಏಪ್ರಿಲ್ ಮೂರೂ ಸಂದೇಹಾಸ್ಪದ ದಿನಗಳಾದ್ದರಿಂದ, ಗುಡಿಸಲು ತೆಗೆಯಲು ಕೊನೆಯ ದಿನವೆಂಬುದೇ ಇರಲಿಲ್ಲ. ಕೊನೆಯ ದಿನವೇ ಇಲ್ಲದಿರುವಾಗ ಅರ್ಜಿದಾರರು ತಡಮಾಡಿದರೆಂಬ ಪ್ರಶ್ನೆ ಉದ್ಭವಿಸುವುದಿಲ್ಲ. ಅಪ್ಪಣೆಯ ಅವಧಿ ಮುಗಿದಿಲ್ಲವಾದ ಕಾರಣ, ಸದರಿ ಗುಡಿಸಲು ಏಳನೇ ನಂಬರಿನ ಜಾಗದಲ್ಲಿ ಯಥಾಸ್ಥಿತಿಯಲ್ಲಿ ಇದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ.

ಒಮೇರ್ ಅದನ್ನು ಮೂರು ಸಲ ಓದಿ, ಚೌಕಟ್ಟು ಹಾಕಿಸಿ, ಊಟದ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದ. "ನಿನ್ನ ಮಗಳಿಗೆ ಓದಿಕೊಳ್ಳೋಕೆ ಹೇಳು," ಎಂದು ದೋರಿಲ್ದಾಗೆ ಹೇಳಿದ. ದನಿ ಮೊದಲಿನಷ್ಟು ಗಡುಸಾಗಿರಲಿಲ್ಲ.

ಅದೇ ವಾರ ಜಲಸಂಧಿಯ ಆಚೆ, ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಒಬ್ಬ ಹೆಂಗಸು ಪುರಸಭೆಗೆ ಕಾಗದ ಬರೆದಳು. ತನ್ನ ಆಲೂಗಡ್ಡೆ ಹೊಲದ ದಂಡೆಗೆ ವಸಂತದಲ್ಲಿ ಒಂದು ಹಸಿರು ಗುಡಿಸಲು ಬಂದು ನಿಂತಿದೆ, ಒಳಗೆ ಒಲೆ, ರೇಡಿಯೋ, ಅಂದವಾದ ಪರದೆ ಇದೆ, ಸದ್ಯಕ್ಕೆ ಅದರಲ್ಲಿ ಮೊಟ್ಟೆ ಮಾರುತ್ತಿದ್ದೇನೆ, ಯಾರದಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಲಿ. ಪಿಕಾರ್ಡ್ ಮರುಟಪಾಲಿನಲ್ಲೇ ಉತ್ತರಿಸಿದ. ನಮ್ಮ ಹಸಿರು ಗುಡಿಸಲು ನಮ್ಮಲ್ಲೇ ಇದೆ. ನಿಮ್ಮದು ಬೇರೆ ಯಾವುದೋ ಇರಬೇಕು. ಪರದೆಯ ಹೋಲಿಕೆ ಕಾಕತಾಳೀಯ. ಸೊಲಾಂಜ್ ಇದನ್ನು ಕೇಳಿ ಅವನ ಕೋಣೆಗೆ ಹೋದಳು. ದೋಣಿಯೊಂದನ್ನು ಬಾಡಿಗೆಗೆ ಹಿಡಿದು ತಾನೇ ಹೋಗಿ ತರುತ್ತೇನೆ ಎಂದಳು.

"ತಂದು ಎಲ್ಲಿಡ್ತೀಯಾ?" ಎಂದ ಪಿಕಾರ್ಡ್.

"ಅಪ್ಪನ ಜಾಗದಲ್ಲಿ. ಏಳರಲ್ಲಿ."

"ಅಲ್ಲಿ ಆಗ್ಲೇ ಒಂದಿದೆಯಲ್ಲಮ್ಮ. ಒಂದು ಜಾಗಕ್ಕೆ ಒಂದೇ ಗುಡಿಸಲು. ನಿಯಮ ನಾನು ಮಾಡಿದ್ದಲ್ಲ."

ನಿಯಮ ಅವನೇ ಮಾಡಿದ್ದು. ಆದರೆ ಮಾಡಿದ ದಿನ ಅಕ್ಟೋಬರ್ ಆರಾಗಿತ್ತು.

ಡಿಸೆಂಬರಿನಲ್ಲಿ ಹಿಮ ಬಂತು. ಎರಡರಿಂದ ಹನ್ನೊಂದರವರೆಗೆ ಸುರಿದ ಹಿಮ ಸುರಿದಿರದ ಕಾರಣ ಹಿಮ ತೆಗೆಯುವ ಗಾಡಿ ಹೊರಡಲಿಲ್ಲ. ಜನ ಕಿಟಕಿಯಿಂದ ಇಳಿದು ಓಡಾಡಿದರು, ಹನ್ನೆರಡಕ್ಕೆ ಬಾಗಿಲಿಗೆ ದಾರಿಯಾಯಿತು. ಜನವರಿ ಒಂದು ನಿಷ್ಠಾವಂತ ದಿನವಾದ್ದರಿಂದ ಅಂದು ಕಚೇರಿ ತೆರೆದಿತ್ತು. ಹಿಂದಿನ ಸಂಜೆಯ ಆಯಾಸದಲ್ಲಿದ್ದ ನೌಕರರು ಟೋಪಿ ಹಾಕಿಕೊಂಡೇ ನಾಯಿ ಪರವಾನಗಿ ಕೊಟ್ಟರು. ಒಂದು ಬೆಕ್ಕಿಗೂ ಕೊಟ್ಟರು. ಮೊದಲೆಲ್ಲ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಮೊದಲು ತುಂಬ ಗೊಂದಲವಿತ್ತು ಎನ್ನುವುದು ಊರಿನಲ್ಲಿ ರೂಢಿಯಾಯಿತು.

ಕೊಲ್ಲಿ ಗಟ್ಟಿಯಾಗುತ್ತಲೇ ಒಮೇರ್ ಅಡಿಗೆಮನೆಯ ಒಂದು ಕುರ್ಚಿ, ಒಂದು ಬಕೆಟ್ಟು, ಗಾಳ ತೆಗೆದುಕೊಂಡು ಏಳನೇ ನಂಬರಿನ ಜಾಗಕ್ಕೆ ಹೋದ. ಮಂಜುಗಡ್ಡೆಯಲ್ಲಿ ತೂತು ಕೊರೆದು ಬಯಲಲ್ಲಿ ಕೂತ. ಮೊದಲ ದಿನ ದಡದಲ್ಲಿ ನಿಂತ ಕೆಲವರು ನಕ್ಕರು. ಮೂರನೇ ದಿನದಿಂದ ಅತ್ತ ಹೋಗುವವರು ಏಳನೇ ನಂಬರಿನ ಹತ್ತಿರ ಬಂದಾಗ ಗೋಡೆಗೆ ಹೆಗಲು ತಾಗದ ಹಾಗೆ ಸುತ್ತು ಹಾಕಿ ನಡೆಯಲು ಶುರುಮಾಡಿದರು.

ಜನವರಿ ಕೊನೆಯಲ್ಲಿ ಪಿಕಾರ್ಡ್ ವಾರ್ಷಿಕ ತಪಾಸಣೆಗೆ ಬಂದ. ಒಮೇರನ ಎದುರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಕೈಯಲ್ಲಿದ್ದ ಬರೆಯುವ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ಒಳಗೆ ಬರಹೇಳಿದ ಮೇಲೆ ಬೂಟು ಒದರಿ, ತಲೆ ಬಗ್ಗಿಸಿ ಒಳಗೆ ಬಂದ. ಒಲೆಯ ಹೊಗೆ ಕೊಳವೆ ತೃಪ್ತಿಕರ, ಗಾಳಿಯ ಸಂಚಾರ ಉತ್ತಮ, ಬೆಳಕು ಅತ್ಯುತ್ತಮ ಎಂದು ಬರೆದುಕೊಂಡ. ಕಿಟಕಿ ಸ್ವಲ್ಪ ಸಣ್ಣದಾಯಿತು ಎಂದು ಬಾಯಿಮಾತಿನಲ್ಲಿ ಹೇಳಿ ಹೋದ.

ಫೆಬ್ರವರಿ ಆರು. ಕಚೇರಿ ಇರಲಿಲ್ಲ. ಸೊಲಾಂಜ್ ಬೆಳಿಗ್ಗೆ ಎದ್ದು ಕೋಳಿ, ಆಲೂಗಡ್ಡೆ ಹಾಕಿ ಫ್ರಿಕೋ ಸಾರು ಕುದಿಸಿ, ಫ್ಲಾಸ್ಕಿಗೆ ತುಂಬಿಕೊಂಡು ಕೊಲ್ಲಿಗೆ ಇಳಿದಳು. ಗಾಳಿ ಮುಖಕ್ಕೆ ಚುಚ್ಚುತ್ತಿತ್ತು. ದೂರದಿಂದ ಅಪ್ಪ ಬಿಳಿ ಬಯಲಿನಲ್ಲಿ ಯಾರೋ ಮರೆತುಬಿಟ್ಟು ಹೋದ ಮೂಟೆಯಂತೆ ಕಾಣುತ್ತಿದ್ದ. ಹತ್ತಿರ ಹೋಗಿ ನಿಂತಳು. ಅವನು ತೂತಿನ ನೀರು ನೋಡುತ್ತಲೇ ಇದ್ದ. ಏನು ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಕೊನೆಗೆ ಫ್ಲಾಸ್ಕಿನ ಮುಚ್ಚಳದ ಮೇಲೆ ಮೂರು ಸಲ ತಟ್ಟಿದಳು.

"ಯಾರು?" ಎಂದ ಒಮೇರ್.

"ನಾನು, ಪಪಾ."

ಅವನು ಗಾಳವನ್ನು ಒಮ್ಮೆ ಮೇಲೆಳೆದು ಮತ್ತೆ ಬಿಟ್ಟ.

"ಬಾ ಒಳಗೆ."

ಸುಮಾರು ಹನ್ನೊಂದು ತಿಂಗಳಲ್ಲಿ ಅವಳಿಗೆ ನೇರವಾಗಿ ಬಂದ ಮೊದಲ ಮಾತು ಅದು. ಅವಳು ಬೂಟು ಒದರಿ ಒಳಗೆ ಬಂದಳು. ಅವನು ಬಕೆಟ್ಟಿನಲ್ಲಿದ್ದ ಮೀನು ಹೊರಗೆ ಸುರಿದು, ಬಕೆಟ್ಟನ್ನು ಬೋರಲು ಹಾಕಿ, ಕೂರಲು ಅವಳ ಕಡೆ ತಳ್ಳಿದ. ಇಬ್ಬರೂ ಮುಚ್ಚಳದಲ್ಲೇ ಸಾರು ಹಂಚಿಕೊಂಡು ಕುಡಿದರು. ಉಪ್ಪು ಸರಿಯಾಗಿದೆ ಎಂದ.

"ಇವತ್ತು ತಾರೀಖು ಎಷ್ಟು?"

"ಇವತ್ತು ಇಲ್ಲ, ಪಪಾ."

"ಒಳ್ಳೇದಾಯ್ತು. ಹಾಗಾದ್ರೆ ಅವಸರ ಇಲ್ಲ." ಅವನು ಕಿವಿಯ ಮೇಲೆ ಟೋಪಿ ಎಳೆದುಕೊಂಡು ಅವಳ ಬೆನ್ನ ಹಿಂದೆ ನೋಡಿದ. "ಬಾಗಿಲು ತೆಗೆದೇ ಬಂದಿದ್ದೀಯಲ್ಲೇ. ಚಳಿ ಹೊಡೀತಿದೆ."

ಸೊಲಾಂಜ್ ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತಳು. ಚಳಿ ಸ್ವಲ್ಪ ಕಡಿಮೆಯಾಯಿತೆಂದು ಇಬ್ಬರೂ ಒಪ್ಪಿಕೊಂಡರು.